ಪೇಟಿ ಮಾಸ್ತರನ ರಾಗ

ಉಪಾಸನೆಯಲ್ಲಿ ಹಾಡು ನಡೆಸುವವನಿಗೆ ಒಂದು ತೊಂದರೆ ಇದೆ. ಅವನು ಜನರ ಕಡೆಗೆ ಮುಖ ಮಾಡಿಯೇ ಕೂರಬೇಕು. ಉಳಿದವರೆಲ್ಲ ಕಣ್ಣು ಮುಚ್ಚಿ ದೇವರನ್ನು ನೆನೆಯಬಹುದು, ಇವನಿಗೆ ಮಾತ್ರ ಎದುರಿಗೆ ಸಾಲು ಮುಖಗಳು. ಯಾರು ತಲೆದೂಗಿದರು, ಯಾರು ಆಕಳಿಸಿದರು, ಯಾರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಎಲ್ಲ ಕಾಣುತ್ತದೆ. ನನಗಂತೂ ತಲೆದೂಗಿದವರಷ್ಟೇ ಕಾಣುತ್ತಿದ್ದರು. ಆಕಳಿಸಿದವರಿಗೆ ಪಾಪ ನಿದ್ದೆ ಸಾಲದಾಗಿದೆ ಅಂದುಕೊಂಡು ಬಿಡುತ್ತಿದ್ದೆ.

ಐವತ್ತರ ದಶಕದ ನಡುವಿನ ಮಾತು. ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕು ಎಂದು ಚಹದಂಗಡಿಗಳಲ್ಲಿ ಜನ ಗಂಟಲು ಹರಿದುಕೊಳ್ಳುತ್ತಿದ್ದ ಕಾಲ. ನನಗೆ ಆಗ ಇಪ್ಪತ್ತಾರು. ವಾರವಿಡೀ ನವಿ ಪೇಠದ ಒಂದು ಬಟ್ಟೆ ಅಂಗಡಿಯಲ್ಲಿ ಧೋತರ, ಖಣ, ಚಾದರ ಬಿಚ್ಚಿ ತೋರಿಸುವ ಕೆಲಸ. ಗಿರಾಕಿಗಳ ಜೊತೆ ಮರಾಠಿ, ಮನೆಯಲ್ಲಿ ಕನ್ನಡ. ಭಾನುವಾರ ಮಧ್ಯಾಹ್ನ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ ಹಾರ್ಮೋನಿಯಂ ಬಾರಿಸಿ ಹಾಡು ನಡೆಸುತ್ತಿದ್ದೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ, ಅದನ್ನು ಬಾರಿಸುವವನು ಪೇಟಿ ಮಾಸ್ತರ. ಅದು ನಾಟಕ ಕಂಪನಿಯ ಮಾತು. ಆದರೂ ಸಭೆಯ ಜನ ನನ್ನನ್ನು ಹಾಗೆಯೇ ಕರೆಯುತ್ತಿದ್ದರು, ನಾನೂ ಬೇಡ ಅನ್ನಲಿಲ್ಲ.

ಬೇಡ ಅನ್ನುವುದೆಲ್ಲಿ ಬಂತು, ಬೆಲ್ಲದ ಹಾಗೆ ಚಪ್ಪರಿಸುತ್ತಿದ್ದೆ! ನನ್ನ ದನಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಚೆನ್ನಾಗಿದೆ ಅಂತ ನನಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಹಾಡುವ ಮುಂಚೆ ಒಂದು ಗಳಿಗೆ ತಲೆ ತಗ್ಗಿಸಿ, 'ಕರ್ತನೇ, ಮಹಿಮೆ ನಿನಗೇ ಬರಲಿ, ನನಗೆ ಬೇಡ' ಎಂದು ಪ್ರಾರ್ಥನೆ ಮಾಡುತ್ತಿದ್ದೆ. ತಲೆ ಎತ್ತಿದ ಕೂಡಲೇ, ನಾನು ತಲೆ ತಗ್ಗಿಸಿದ್ದನ್ನು ಎಷ್ಟು ಮಂದಿ ನೋಡಿದರು ಎಂದು ಕಣ್ಣಾಡಿಸುತ್ತಿದ್ದೆ. ಇಂಥ ಪ್ರಾರ್ಥನೆಯನ್ನು ಕೇಳಿ ದೇವರು ಏನು ಅಂದುಕೊಂಡನೋ, ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ತಿಂಗಳಿಗೊಮ್ಮೆ ನಮ್ಮ ಪಾದ್ರಿಗಳು ಅಕ್ಕಲಕೋಟೆ ಸೀಮೆಯ ಕುರನೂರಿಗೆ ಉಪಾಸನೆಗೆ ಹೋಗುತ್ತಿದ್ದರು, ಜೊತೆಗೆ ಪೇಟಿ ಹೊತ್ತು ನಾನು. ಅವರು ವಯಸ್ಸಾದ, ಸಣಕಲು ಮೈಯ, ಮೆಲುದನಿಯ ಮನುಷ್ಯ. ಸೊಲ್ಲಾಪುರದಿಂದ ರೈಲು, ಆಮೇಲೆ ಟಾಂಗಾ, ಆಮೇಲೆ ಕಾಲ್ನಡಿಗೆ. ದಾರಿಯ ಹೋಟಗಿ ಜಂಕ್ಷನ್ನಿನಲ್ಲಿ ಗಾಡಿ ಒಮ್ಮೆ ನಿಂತಿತೆಂದರೆ ಯಾವಾಗ ಹೊರಡುತ್ತದೆಂದು ಗಾರ್ಡನಿಗೂ ಗೊತ್ತಿರುತ್ತಿರಲಿಲ್ಲ. ಹೊತ್ತು ಹೋಗದೆ ನಾನು ಅಲ್ಲೇ ಗಂಟಲು ಸರಿ ಮಾಡಿಕೊಂಡು ಹಾಡಲು ಶುರು ಮಾಡುತ್ತಿದ್ದೆ. ಒಂದು ಸಲ ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರ ಹಚ್ಚಿಕೊಂಡ ಕುರುಬರ ಹಿರಿಯನೊಬ್ಬ ಎದುರು ಕೂತು ಪೂರ್ತಿ ಕೇಳಿದ. ಕೇಳಿ, "ಭಾರೀ ಆತ್ರಿ! ಯಾವ ಕಂಪನಿರಿ ನಿಮ್ದು? ಈ ಸಲ ಎಲ್ಲಿ ನಾಟಕ?" ಅಂದ.

ಪಾದ್ರಿಗಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು. ನಾನು, "ಇಲ್ರಿ, ದೇವರ ಉಪಾಸನಾಕ್ಕ ಹೊಂಟೇವಿ" ಅಂದೆ. ಬಾಯಲ್ಲಿ ಹಾಗಂದೆ ಅಷ್ಟೇ. ಅಕ್ಕಲಕೋಟೆ ಬರುವ ತನಕ ಒಳಗೊಳಗೇ ಹೂವಿನಂತೆ ಅರಳಿಕೊಂಡಿದ್ದೆ.

ಕುರನೂರಿನಲ್ಲಿ ನಮ್ಮವರು ಹತ್ತು ಹನ್ನೆರಡು ಮನೆ. ಮಣ್ಣಿನ ಮಾಳಿಗೆಯ ಒಂದು ಕೋಣೆ, ಅದೇ ದೇವಾಲಯ. ಓದು ಬರಹ ಬಲ್ಲವರು ಒಬ್ಬಿಬ್ಬರು, ಅವರಿಗೂ ಬರುತ್ತಿದ್ದದ್ದು ಮರಾಠಿ ಅಕ್ಷರ. ಹೀಗಾಗಿ ಅಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಹಾಡಿನ ಸಾಲನ್ನು ಮೊದಲು ಬರಿಯ ಮಾತಿನಲ್ಲಿ ಹೇಳುವುದು, ಆಮೇಲೆ ಎಲ್ಲರೂ ಕೂಡಿ ಆ ಸಾಲನ್ನು ಹಾಡುವುದು. ಮತ್ತೆ ಮುಂದಿನ ಸಾಲು. ಇದಕ್ಕೆ 'ಸಾಲು ಕೊಡೋದು' ಅನ್ನುತ್ತಿದ್ದರು. ನಾನು ಬರುವುದಕ್ಕೆ ಮುಂಚಿನಿಂದ ಅಲ್ಲಿ ಸಾಲು ಕೊಡುತ್ತಿದ್ದವಳು ಒಬ್ಬ ವಿಧವೆ ಮುದುಕಿ. ಇಡೀ ಊರು ಆಕೆಯನ್ನು ಆಯಿ ಎಂದು ಕರೆಯುತ್ತಿತ್ತು. ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಒಂದಕ್ಷರ ಬಾರದ ಹೆಂಗಸು. ಪುಸ್ತಕದ ಹಾಡುಗಳೆಲ್ಲ ಬಾಯಿಪಾಠ.

ಪುಸ್ತಕದಲ್ಲಿ ಇಲ್ಲದ ಒಂದು ಹಾಡೂ ಆಕೆಗೆ ಬರುತ್ತಿತ್ತು. ಆಕೆಯ ಗಂಡ ಕಟ್ಟಿದ್ದು. ಅವನು ಊರವರ ಕುರಿ ಕಾಯುತ್ತಿದ್ದವನು. ನೂರು ಕುರಿಗಳಲ್ಲಿ ಒಂದು ಕಳೆದುಹೋಯಿತು ಎಂದು ಯೇಸು ಕರ್ತನು ಹೇಳಿದ ಸಾಮ್ಯದ ಕಥೆಯಿದೆಯಲ್ಲ, ಅದನ್ನು ಕೇಳಿ ಕುರಿಗಾರನ ಬಾಯಲ್ಲೇ ಕಟ್ಟಿದ ಹಾಡು, ಇಪ್ಪತ್ತರ ಮೇಲೆ ನುಡಿಗಳು. ಹಾಡಿನ ಕುರಿಗಾರ ಹುಡುಕುವುದೆಲ್ಲ ಬೋರಿ ಹೊಳೆಯ ದಂಡೆಯಲ್ಲಿ. ಜಾಲಿಯ ಮರವನ್ನು ಕೇಳುತ್ತಾನೆ, ಮುಳ್ಳಿನ ಬೇಲಿಯನ್ನು ಕೇಳುತ್ತಾನೆ, ಹೊಳೆಯನ್ನೇ ನಿಲ್ಲಿಸಿ ಕೇಳುತ್ತಾನೆ. ನುಡಿಗಳು ಉದ್ದವಾದ್ದರಿಂದ ಆಯಿ ಒಬ್ಬಳೇ ಹೇಳುವಳು, ಜನ ಪಲ್ಲವಿ ಮಾತ್ರ ಹಾಡುವರು: 'ಎಲ್ಲಿ ಹೋದಿ ಮರಿಯೇ, ಹೊತ್ತು ಮುಳಗತದ, ಬಾ.' ಮಕ್ಕಳಿಲ್ಲದ ಹೆಂಗಸು. ಗಂಡ ಸತ್ತ ಮೇಲೆ ಅವನದು ಅಂತ ಮನೆಯಲ್ಲಿ ಉಳಿದದ್ದು ಈ ಹಾಡು ಒಂದೇ, ಅದೂ ಆಕೆಯ ಬಾಯಲ್ಲಿ ಮಾತ್ರ.

ನಾನು ಬಂದ ಮೇಲೆ ಆಯಿ ಸಾಲು ಕೊಡುವುದು, ನಾನು ಅದನ್ನು ಪೇಟಿಯ ಮೇಲೆ ಹಾಡುವುದು, ಜನ ಪಲ್ಲವಿ ಹಿಡಿಯುವುದು ಎಂದಾಯಿತು. ಎರಡನೆಯ ಸಲವೋ ಮೂರನೆಯ ಸಲವೋ ಆಕೆ ನನ್ನ ಹತ್ತಿರ ಬಂದು, "ಮಾಸ್ತರ, ನಿಮಗ ಬರಿಯಾಕ ಬರತದಲ್ರಿ. ಈ ಹಾಡೊಂದು ಬರಕೋರಿ. ನಾ ಸತ್ರ ಯಾರು ಹೇಳವ್ರದಾರ?" ಅಂದಳು.

"ಮುಂದಿನ ಸಲ ಬರಕೋತೀನಿ ಆಯಿ" ಅಂದೆ.

ಮುಂದಿನ ಸಲವೂ ಅದನ್ನೇ ಅಂದೆ. ನಿಜ ಹೇಳಬೇಕೆಂದರೆ ಆ ಮಾತುಗಳು ನನ್ನ ಕಣ್ಣಿಗೆ ಹೊಲಸು ಮೆತ್ತಿದ ಹಳ್ಳಿಮಾತುಗಳಾಗಿದ್ದವು. ಜಾಲಿ, ಬೇಲಿ, ಹಿಕ್ಕೆ, ಏನದು! ಆದರೆ ಧಾಟಿ ಬಹಳ ಇಷ್ಟವಾಗಿತ್ತು. ಅದನ್ನು ನನ್ನ ವಹಿಯಲ್ಲಿ ಸರಿಗಮ ಹಾಕಿ ಬರೆದುಕೊಂಡೆ, ಎಲ್ಲಿ ಎಳೆಯಬೇಕು, ಎಲ್ಲಿ ತಿರುವಬೇಕು ಎಂದು ಗುರುತು ಸಹ ಮಾಡಿಕೊಂಡೆ. ಮಾತು ಬರೆಯಲಿಲ್ಲ.

ಆ ವರ್ಷ ಬಿಳಿಜೋಳದ ಸುಗ್ಗಿಯಾದ ಮೇಲೆ ಅಲ್ಲಿ ಬೆಳೆ ಕೊಟ್ಟ ದೇವರಿಗೆ ಉಪಕಾರಸ್ತುತಿಯ ಉಪಾಸನೆ ಇಟ್ಟುಕೊಂಡಿದ್ದರು. ಜನ ಹೊಸ ಜೋಳದ ತೆನೆ, ಬದನೆಕಾಯಿ, ಕೋಳಿ ಎಲ್ಲ ತಂದು ಮುಂದೆ ಇಟ್ಟಿದ್ದರು. ಸೊಲ್ಲಾಪುರದಿಂದ ನಾಲ್ಕೈದು ಮಂದಿ ದೊಡ್ಡವರು ಬಂದಿದ್ದರು, ಹಾಡು ಬಲ್ಲವರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕುರಿಯ ಹಾಡನ್ನೇ ಎತ್ತಿಕೊಂಡೆ. ನಾಲ್ಕನೆಯ ನುಡಿಗೆ ಬಂದಾಗ ಒಂದು ಆಲಾಪ ಹಿಡಿದು ಮೇಲಕ್ಕೆ ಹೋದೆ. ಮೇಲೆ, ಇನ್ನೂ ಮೇಲೆ. ಸೊಲ್ಲಾಪುರದವರೊಬ್ಬರು 'ಆಹಾ' ಅಂದದ್ದು ಕೇಳಿಸಿತು. ಸರಿಯಾಗಿ ಅಲ್ಲಿ, ನಾನು ಇನ್ನೂ ಇಳಿದಿಲ್ಲ, ಆಯಿ ಮುಂದಿನ ಸಾಲು ಕೊಟ್ಟುಬಿಟ್ಟಳು. ಆಕೆಗೆ ಸಾಲು ಮುಗಿದಿತ್ತು, ಮುಂದಿನದು ಕೊಡಬೇಕು, ಅಷ್ಟೇ.

ನನ್ನ ಸಿಟ್ಟು ಮೊದಲಿನಿಂದ ಮೂಗಿನ ತುದಿಯಲ್ಲೇ. ಪೇಟಿಯ ಮೇಲೆ ಅಂಗೈ ಅಪ್ಪಳಿಸಿದೆ. ಅದು ಕೊಂಯ್ ಎಂದು ಅರಚಿತು. "ಆಯಿ, ತಿಳೀತದೋ ಇಲ್ಲೋ ನಿಮಗ? ಬಾಯಿ ಮುಚ್ಕೊಂಡು ಸುಮ್ಮ ಕೂಡ್ರಿ!" ಅಂದೆ.

ದೇವರ ಮುಂದೆ, ಹೊಸ ತೆನೆಗಳ ಮುಂದೆ, ಅಷ್ಟು ಜನರ ಮುಂದೆ ಹಾಗಂದೆ. ಆಯಿ ಸೆರಗನ್ನು ಬಾಯಿಗೆ ಹಿಡಿದು ಕೂತಳು. ಸಾಲು ಕೊಡುವವರಿಲ್ಲದೆ ನನಗೂ ಮುಂದಿನ ನುಡಿ ಗೊತ್ತಿಲ್ಲ. ಆದರೆ ನಾನೇನು ಬಿಡುವವನೇ? ಪಲ್ಲವಿಯೊಂದನ್ನೇ ಹಿಡಿದು ಹಿಂಜಿ ಹಿಂಜಿ ಹಾಡಿದೆ. ಜನರಲ್ಲಿ ಒಬ್ಬರೂ ದನಿ ಕೂಡಿಸಲಿಲ್ಲ. ಕೋಣೆ ನಿಶ್ಶಬ್ದ. ಮೈಮರೆತಿದ್ದಾರೆ, ಉಸಿರು ಬಿಡುವುದನ್ನೂ ಮರೆತಿದ್ದಾರೆ ಎಂದುಕೊಂಡೆ. ಅಂದಿನಷ್ಟು ಸುಖ ನನಗೆ ಯಾವ ಉಪಾಸನೆಯಲ್ಲೂ ಆಗಿರಲಿಲ್ಲ.

ಉಪಾಸನೆ ಮುಗಿದು ಹೊರಗೆ ಬರುವಾಗ ಆಯಿ ಬಾಗಿಲ ಬಳಿ ನಿಂತಿದ್ದಳು. ಕೈಮುಗಿದು, "ಮಾಸ್ತರ, ನಿಮ್ಮಲ್ಲಿ ರಾಗ ಭಾಳ ಅದ್ರಿ. ದೇವರ ಮನ್ಯಾಗ ಇಷ್ಟು ರಾಗ ನಾ ಎಂದೂ ನೋಡಿಲ್ಲ" ಅಂದಳು.

ನೋಡಿ, ಬೈಸಿಕೊಂಡವಳೇ ಹೊಗಳುತ್ತಿದ್ದಾಳೆ! ಮುದುಕಿಗೂ ಕೊನೆಗೆ ಸಂಗೀತ ಅರ್ಥವಾಯಿತು ಎಂದು ಉಬ್ಬಿಹೋದೆ. "ಎಲ್ಲಾ ದೇವರ ದಯಾ, ಆಯಿ" ಎಂದು ದೊಡ್ಡವನಂತೆ ಅಂದು ಬಂದೆ.

ಈ ಮಾತನ್ನು ಸೊಲ್ಲಾಪುರದಲ್ಲಿ ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಅಂಗಡಿಯಲ್ಲಿ ಹೇಳಿದೆ. ಸಭೆಯಲ್ಲಿ ದೇವರು ತಮಗೆ ಮಾಡಿದ ಉಪಕಾರಕ್ಕೆ ಜನ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು, 'ಅಕ್ಷರ ಬಾರದ ಹಳ್ಳಿಯ ತಾಯಿಯೊಬ್ಬಳು ಹೀಗೆಂದಳು, ನಾನಂತೂ ದೇವರ ಕೈಯ ಬರಿಯ ಪಾತ್ರೆ' ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಕೆಲವರಿಗೆ ನಿಜಕ್ಕೂ ಕಣ್ಣೀರು ಬಂತು.

ಕುರನೂರಿನಲ್ಲಿ ಮುಂದಿನ ತಿಂಗಳು ಆಯಿ ಬಾಗಿಲ ಪಕ್ಕ ಕೂತಿದ್ದಳು. ಸಾಲು ಕೊಡಲಿಲ್ಲ, ತುಟಿಯನ್ನೂ ಅಲ್ಲಾಡಿಸಲಿಲ್ಲ. ಆಕೆಯಿಲ್ಲದೆ ಕುರಿಯ ಹಾಡೂ ಇಲ್ಲ. ನಾನು ಪುಸ್ತಕದ ಹಾಡು ಹಾಡಿದೆ, ಜನ ಸುಮ್ಮನೆ ಕೂತು ಕೇಳಿದರು. ಹಿಂದಿರುಗುವಾಗ ಪಾದ್ರಿಗಳಿಗೆ, "ನೋಡಿದ್ರ್ಯಾ, ಬಾಯಿ ಬಿಡದ ಕೇಳತಾರ" ಅಂದೆ. ಅವರು ನಡೆಯುತ್ತಿದ್ದವರು ನಿಂತರು.

"ಅವ್ರು ಕೇಳಾಕ ಬಂದಿಲ್ಲಪಾ, ಹಾಡಾಕ ಬಂದಾರ" ಅಂದರು.

ಈ ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ. ಅವರ ಪ್ರಸಂಗಕ್ಕೆ ಯಾರೂ ತಲೆದೂಗುವುದಿಲ್ಲವಲ್ಲ ಅಂತ. ಬೇಸಿಗೆ ಬಂತು. ಆಯಿಗೆ ಜ್ವರ ಎಂದು ಯಾರೋ ಹೇಳಿದರು. ಎರಡು ತಿಂಗಳು ಆಕೆಯ ಜಾಗ ಖಾಲಿ ಇತ್ತು. ಹೋಗಿ ನೋಡಿ ಬರಬೇಕೆಂದು ನನಗೆ ಅನ್ನಿಸಲಿಲ್ಲ. ಪಾದ್ರಿಗಳು ಹೋಗಿ ಪ್ರಾರ್ಥನೆ ಮಾಡಿ ಬಂದರು, ನಾನು ಪೇಟಿ ಕಾಯುತ್ತ ಕೂತೆ.

ಮಳೆಗಾಲ ಶುರುವಾದಾಗ ಒಂದು ಸಂಜೆ ನಮ್ಮ ಮನೆಗೆ ನೆಂಟರು ಬಂದಿದ್ದರು. ಅವರಿಗೂ ಅದೇ ಕಥೆ ಹೇಳಿದೆ. ಅವ್ವ ಮೂಲೆಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವಳು ಅಕ್ಕಲಕೋಟೆ ಕಡೆಯ ಹಳ್ಳಿಯವಳೇ. ಕಥೆಯನ್ನು ಅವಳು ಅದೆಷ್ಟನೆಯ ಸಲ ಕೇಳಿದ್ದಳೋ. ನೆಂಟರು ಹೋದ ಮೇಲೆ ತಲೆ ಎತ್ತದೆ ಕೇಳಿದಳು:

"ಆಕಿ ಕೇಳಿಲ್ಲ ಅಂದಳೋ, ನೋಡಿಲ್ಲ ಅಂದಳೋ?"

"ನೋಡಿಲ್ಲ ಅಂದಳು. ಯಾಕವ್ವ?"

"ಹಾಡೋ ರಾಗ ಯಾರರ ನೋಡತಾರೇನೋ, ಖೋಡಿ? ಕಣ್ಣಿಗಿ ಕಾಣೋ ರಾಗ ಬ್ಯಾರೆ ಅದ. ನಮ್ಮ ಹಳ್ಳ್ಯಾಗ ಹಾಡಿನದಕ್ಕ ಧಾಟಿ ಅಂತೀವಿ. ರಾಗ ಅಂದ್ರ ಸಿಟ್ಟು. ಆಕಿಗಿ ನೀ ಏನಂದಿದ್ದಿ ಮೊದಲ ಅದನ್ನ ಹೇಳು."

ಗೊತ್ತಿಲ್ಲದ ಮಾತೇ ಅದು? ದಿನಾ ಅಂಗಡಿಯಲ್ಲಿ ಮರಾಠಿ ಆಡುವ ಬಾಯಿ ನನ್ನದು. ಗಿರಾಕಿ ಮುಖ ಗಂಟಿಕ್ಕಿದರೆ 'ರಾಗ ಬಂತೇನು' ಎಂದು ಮರಾಠಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದವನು ನಾನೇ. ಅಕ್ಕಲಕೋಟೆ ಕಡೆಯ ಕನ್ನಡದಲ್ಲಿ ಅರ್ಧಕ್ಕರ್ಧ ಮರಾಠಿ ಇದೆ ಅಂತಲೂ ಗೊತ್ತು. ಆದರೂ ನನ್ನ ಕಿವಿ ತನಗೆ ಬೇಕಾದ ರಾಗವನ್ನೇ ಕೇಳಿಸಿಕೊಂಡಿತು. ಆಕೆ ಕೈಮುಗಿದು ನನಗೆ ಬುದ್ಧಿ ಹೇಳಿದ್ದಳು. ಅದನ್ನು ನಾನು ಬಿರುದಿನಂತೆ ಊರೆಲ್ಲ ಹೊತ್ತು ಮೆರೆದಿದ್ದೆ, ಸಭೆಯಲ್ಲಿ ಸಾಕ್ಷಿ ಬೇರೆ ಹೇಳಿದ್ದೆ. ನಾಚಿಕೆಯಿಂದ ಸತ್ತೆ. ಅವ್ವ ಬೀಡಿ ಕಟ್ಟುತ್ತಾ ಕೂತಳು.

ಅಂದಿನಿಂದ ನಾನು ಸರಿಹೋದೆ ಅಂತ ಬರೆಯಲು ಆಸೆ. ಆದರೆ ಜಂಭ ಹಲ್ಲಿನ ಹಾಗೆ ಒಮ್ಮೆ ಕಿತ್ತು ಎಸೆಯುವಂಥದ್ದಲ್ಲ. ಆಮೇಲೆ ಎಷ್ಟೋ ವರ್ಷ ಸಭೆಗಳಲ್ಲಿ ಹಾಡು ನಡೆಸಿದ್ದೇನೆ. ಈಗಲೂ ಯಾರಾದರೂ 'ಆಹಾ' ಅಂದರೆ ಒಳಗೆ ಏನೋ ಬಾಲ ಅಲ್ಲಾಡಿಸುತ್ತದೆ. ಜನ ಹಾಡುತ್ತಿದ್ದಾರೋ ಕೇಳುತ್ತಿದ್ದಾರೋ ಎಂದು ನೋಡುವುದನ್ನು ಕಲಿತೆ. ಕೇಳುತ್ತಿದ್ದರೆ ನಾನು ದನಿ ತಗ್ಗಿಸಬೇಕು. ಇಷ್ಟು ಸಣ್ಣ ವಿಷಯ ಅಭ್ಯಾಸಕ್ಕೆ ಬರಲು ನನಗೆ ಬಹಳ ಕಾಲ ಹಿಡಿಯಿತು. ತಗ್ಗಿಸಿದ ಮೇಲೆ, ಎಷ್ಟು ವಿನಯದಿಂದ ತಗ್ಗಿಸಿದೆ ನೋಡು ಅಂತಲೂ ಅನ್ನಿಸುತ್ತದೆ. ಅದಕ್ಕೇನು ಮಾಡಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಅವ್ವ ಹಾಗೆಂದ ಮೇಲೆ ಬಂದ ಮೊದಲ ಭಾನುವಾರ, ಕುರನೂರಿನ ಸರದಿ ಅಲ್ಲದಿದ್ದರೂ ಪಾದ್ರಿಗಳನ್ನು ಕಾಡಿ ಹೊರಡಿಸಿದೆ. ಪೇಟಿಯನ್ನು ಮನೆಯಲ್ಲೇ ಬಿಟ್ಟೆ. ಊರು ಮುಟ್ಟಿದವನು ನೆಟ್ಟಗೆ ಆಯಿಯ ಮನೆಗೆ ಹೋದೆ. ಜ್ವರದಿಂದ ಎದ್ದವಳು ಅರ್ಧವಾಗಿದ್ದಳು. ಹೊಸ್ತಿಲ ಬಳಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದಳು. ನಾನೇ ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

"ಆಯಿ, ನಂದು ತಪ್ಪಾತು. ಅವತ್ತು ಎಲ್ಲಾರ ಮುಂದ ನಿಮ್ಮ ಬಾಯಿ ಮುಚ್ಚಸಿದೆ."

ಆಯಿ ಜೋಳದಲ್ಲಿನ ಹರಳು ಆರಿಸುತ್ತಾ ಇದ್ದಳು. "ನನ್ನ ಬಾಯಿ ಇರ್ಲಿ ಬಿಡ್ರಿ ಮಾಸ್ತರ. ನಮ್ಮನಿಯವ್ರ ಮಾತಿತ್ತದು. ಅರ್ಧಕ್ಕ ನಿಂತತಲ್ಲ ಅಂತ ಭಾಳ ದಿನ ಹೊಟ್ಟ್ಯಾಗ ಸಂಕಟ ಆತು" ಅಂದಳು.

ನಾನು ಅತ್ತುಬಿಟ್ಟೆ. ಇಪ್ಪತ್ತಾರು ವರ್ಷದ ಗಂಡಸು, ಅಳುವುದು ತಡೆಯಲಾಗಲಿಲ್ಲ. "ಇವತ್ತು ನೀವ ಹೇಳ್ರಿ ಆಯಿ, ಪೂರಾ ಹಾಡು. ನಾ ಬರಕೋತೀನಿ, ಒಂದು ಅಕ್ಷರ ಬಿಡೂದಿಲ್ಲ" ಅಂದೆ. ಜೇಬಿನಲ್ಲಿ ಹೊಸ ವಹಿ, ಪೆನ್ಸಿಲ್ ಇತ್ತು.

ಮಧ್ಯಾಹ್ನ ಉಪಾಸನೆಯಲ್ಲಿ ಆಯಿಯನ್ನು ಮುಂದೆ ಕೂರಿಸಿದರು. ನಾನು ಜನರ ನಡುವೆ, ಗಂಡಸರ ಸಾಲಿನಲ್ಲಿ ಕೂತೆ. ಆಕೆ ಮೊದಲ ನುಡಿ ಹೇಳಿದಳು. ಜನ ಎಷ್ಟು ತಿಂಗಳಿನಿಂದ ತಡೆದಿಟ್ಟುಕೊಂಡಿದ್ದರೋ, ಪಲ್ಲವಿ ಮಾಳಿಗೆಗೆ ಮುಟ್ಟುವ ಹಾಗೆ ಎದ್ದಿತು. ನಾನು ಬರೆದೆ. ಜಾಲಿಯ ಮರ ಬಂತು, ಬೇಲಿ ಬಂತು. ಹಳ್ಳಿಮಾತು ಎಂದು ನಾನು ಮೂಗು ಮುರಿದ ಒಂದೊಂದು ಮಾತೂ ಈಗ ಎದೆಗೆ ಬಂದು ನಾಟುತ್ತಿತ್ತು. ಕುರಿಗಾರ ಕಂಬಳಿಯನ್ನು ದಂಡೆಯಲ್ಲಿ ಬಿಟ್ಟು ಹೊಳೆಗೆ ಇಳಿದ. ಎದೆಮಟ್ಟ ನೀರು. ಆಚೆ ದಡಕ್ಕೆ ಕೈ ಹಾಕಿದ.

ಆಯಿ ನಿಂತಳು.

ಜನ ಪಲ್ಲವಿ ಮುಗಿಸಿ ಕಾದರು. ಆಕೆ ಅದೇ ನುಡಿಯನ್ನು ಮತ್ತೆ ಹೇಳಿದಳು, ಮತ್ತೆ ದಡಕ್ಕೆ ಬಂದು ನಿಂತಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಹಣೆ ಒತ್ತಿಕೊಂಡಳು. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು.

"ಮಾಸ್ತರ, ಮುಂದಿಂದು ನೀವು ಎಷ್ಟೋ ಸಲ ಹಾಡೀರಲ್ರಿ. ಒಂದು ಸಾಲು ಕೊಡ್ರಿ, ನನಗ ನೆನಪು ಬರತದ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. ನಿಜ, ಏಳೆಂಟು ಸಲ ಆ ಹಾಡನ್ನು ಕೊನೆಯವರೆಗೆ ಹಾಡಿದ್ದೆ. ಧಾಟಿ ಪೂರ್ತಿ ಗಂಟಲಲ್ಲಿತ್ತು, ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ, ಯಾವ ಅಕ್ಷರವನ್ನು ಎಷ್ಟು ಎಳೆದಿದ್ದೆ, ಎಲ್ಲಾ. ಆದರೆ ಅದು ಯಾವ ಅಕ್ಷರ? ಒಂದು ಮಾತಾದರೂ ಬರಬೇಕಲ್ಲ! ಆಕೆ ನನ್ನ ಕಿವಿಯ ಹತ್ತಿರವೇ ಕೂತು ಹೇಳಿದ ಮಾತುಗಳು. ನಾನು ನನ್ನ ದನಿಯನ್ನು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.

"ಗೊತ್ತಿಲ್ಲ ಆಯಿ" ಅಂದೆ.

ಮುಂದೆ ಕೂತಿದ್ದ ಹೆಂಗಸೊಬ್ಬಳು ತಡೆಯಲಾರದೆ, "ಹಂಗಾರ ಆ ಮರಿ?" ಎಂದು ಕೇಳಿದಳು.

"ಸಿಗತದವ್ವ, ಸಿಗತದ. ಸಿಕ್ಕದ್ದು ನನಗ ಗೊತ್ತದ" ಅಂದಳು ಆಯಿ. ತನ್ನ ಅಂಗೈ ನೋಡಿಕೊಂಡಳು. "ಹ್ಯಾಂಗ ಸಿಗತದ ಅನ್ನೂದು ಮರತೇನಿ."

ನಾನು ಇನ್ನೂ ನಿಂತೇ ಇದ್ದೆ. ಆಕೆ ನನ್ನ ಕಡೆ ನೋಡಿ, "ಕೂಡೋ ತಮ್ಮಾ, ಎಷ್ಟೊತ್ತು ನಿಂದರತಿ" ಅಂದಳು. ಅದುವರೆಗೆ ಆಕೆ ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕೂತೆ. ಆಯಿ ಪಲ್ಲವಿ ಎತ್ತಿಕೊಟ್ಟಳು, ಎಲ್ಲರೂ ಹಾಡಿದರು, ನಾನೂ ಅವರ ನಡುವೆ ಹಾಡಿದೆ: ಎಲ್ಲಿ ಹೋದಿ ಮರಿಯೇ, ಹೊತ್ತು ಮುಳಗತದ, ಬಾ. ಮತ್ತೆ ಮತ್ತೆ ಅದನ್ನೇ ಹಾಡಿದೆವು, ಅದರ ಮುಂದಿನದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.